ಮೂರನೆಯ ಹೆಸರು

ಭಾನುವಾರ ಬೆಳಿಗ್ಗೆ ಬಾಡಿಗೆದಾರರ ಮನೆಯ ಬಾಗಿಲನ್ನು ಮನೆ ಒಡತಿ ಆಂಜನಮ್ಮ ತಟ್ಟಲಿಲ್ಲ, ದೂಡಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ನಡುಮನೆಗೇ ನುಗ್ಗಿ, "ಯಾರ್ನ ಕೇಳಿ ನಮ್ಮವ್ವನ್ನ ಈ ಪೆಟ್ಗೆ ಒಳಕ್ಕೆ ಹಾಕಿದ್ದೀರಿ?" ಎಂದು ಕೂಗಿದಳು.

ಇನ್ಶೂರೆನ್ಸ್ ಆಫೀಸಿನ ಯಜ್ಞನಾರಾಯಣರು ಕಾಫಿ ಲೋಟ ಹಿಡಿದುಕೊಂಡು ಎದ್ದು ನಿಂತರು. ಅವರೂ ಅವರ ಹೆಂಡತಿಯ ತಮ್ಮ ನಾಣಿಯೂ ಅರ್ಧ ಗಂಟೆಯಿಂದ ಹಾವು ಮುಂಗುಸಿಯ ಹಾಗೆ ಕಿತ್ತಾಡುತ್ತಿದ್ದದ್ದು ಆ ಗ್ರಾಮಫೋನು ಪೆಟ್ಟಿಗೆಯಲ್ಲಿ ತಿರುಗುತ್ತಿದ್ದ ಹಾಡಿನ ಪ್ಲೇಟಿನ ಬಗ್ಗೆಯೇ. ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಾಣಿ ಶಿವಾಜಿನಗರದ ಚಾಂದ್ ಪಾಷಾನ ಹಳೇ ಸಾಮಾನಿನ ಅಂಗಡಿಗೆ ಎರಡು ವರ್ಷ ಅಲೆದು ಅದನ್ನು ಸಂಪಾದಿಸಿದ್ದ. ಸಾವಿರದ ಒಂಬೈನೂರ ಅರವತ್ನಾಲ್ಕರಲ್ಲಿ ಕಂಟೋನ್ಮೆಂಟಿನ ಜಾಜ್ ಬ್ಯಾಂಡಿನವರು ಸುತ್ತಿನ ಹಳ್ಳಿಗಳ ಪದಗಳನ್ನು ಟೇಪು ಮಾಡಿಕೊಂಡು, ಅದರ ಮೇಲೆ ತಮ್ಮ ವಾದ್ಯ ನುಡಿಸಿ ಹೊರತಂದ ಪ್ಲೇಟು ಅದು. ಹತ್ತು ವರ್ಷ ಕಳೆಯುವುದರೊಳಗೆ ಕೇಳುವವರ ಬಾಯಲ್ಲಿ ಕ್ಲಾಸಿಕ್ ಆಗಿಬಿಟ್ಟಿತ್ತು.

"ಇದು ನಿಮ್ಮ ತಾಯೀನಾ?" ನಾಣಿ ಹಿಗ್ಗಿಹೋದ. "ಕವರ್ ಮೇಲೆ ಹೆಸರೇ ಇಲ್ಲ, ಹಳ್ಳಿ ಹೆಂಗಸು ಅಂತ ಹಾಕಿದಾರೆ ಅಷ್ಟೆ. ಎಂಥಾ ವಾಯ್ಸು ಆಂಜನಮ್ಮನೋರೆ! ಕೊನೇಲಿ ಟ್ರಂಪೆಟ್ ಬರುತ್ತಲ್ಲ, ಅದಂತೂ ವರ್ಲ್ಡ್ ಕ್ಲಾಸ್."

"ಕತ್ತೆ ಅರಚಿದ ಹಾಗಿದೆ," ಎಂದರು ಯಜ್ಞನಾರಾಯಣರು. "ಆಯಮ್ಮ ತನ್ನ ಪಾಡಿಗೆ ಲಕ್ಷಣವಾಗಿ ಹಾಡ್ತಿದಾರೆ. ಮಧ್ಯೆ ಇವನದೊಂದು ರಂಪ."

"ತಂಬೂರಿ ಇಲ್ದಿದ್ರೆ ನಿಮಗೆ ಎಲ್ಲಾ ಕತ್ತೇನೇ, ಭಾವ."

ಆಂಜನಮ್ಮನಿಗೆ ಇಬ್ಬರ ಮಾತೂ ಬೇಕಿರಲಿಲ್ಲ. "ಪದ ಪೂರ್ತಿ ಐತಾ? ಕಡೇ ಹಿಡಿವರ್ಗೂ ಐತಾ?" ಎಂದು ಕೇಳಿದಳು. ಅವರಿಗೆ ಅರ್ಥವಾಗಲಿಲ್ಲ. ರಾಗಿ ಬೀಸುವಾಗ ಕಡೆಯ ಹಿಡಿ ಕಲ್ಲಿನ ಬಾಯಿಗೆ ಬಿದ್ದ ಮೇಲೆ, ಹೆತ್ತ ಮಕ್ಕಳ ಹೆಸರನ್ನು ಹುಟ್ಟಿದ ಸಾಲಿನಲ್ಲಿ ಹೇಳಿ ಹರಸಿಯೇ ಪದ ಮುಗಿಸುವುದು ಅವಳ ತಾಯಿ ಬೈರಮ್ಮನ ಪದ್ಧತಿ. ಮೊದಲು ದೊಡ್ಡಮುನಿಯಪ್ಪ, ಆಮೇಲೆ ರಾಮಯ್ಯ, ಮೂರನೆಯವಳು ಆಂಜನಮ್ಮ, ಕೊನೆಗೆ ಚಿನ್ನಪ್ಪ.

"ಓ, ಅದಾ!" ನಾಣಿ ಕವರು ತಿರುಗಿಸಿ, ಹಿಂದೆ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಹೇಳಿದ. "ಅಜ್ಜಿ ಕೊನೇಲಿ ಯಾರ್ಯಾರದೋ ಹೆಸರಿನ ಪಟ್ಟಿ ಶುರು ಮಾಡಿದ್ರು, ನಮ್ಮ ಟ್ರಂಪೆಟ್‌ನವನಿಗೆ ತಾಳ್ಮೆ ಕೆಟ್ಟು ಊದೇಬಿಟ್ಟ ಅಂತ ತಮಾಷೆಯಾಗಿ ಬರೆದಿದಾರೆ." ನಗು ಬಂದದ್ದು ಅವನೊಬ್ಬನಿಗೇ.

"ಯಾವ್ಯಾವ ಹೆಸ್ರು?"

"ಅದನ್ನೆಲ್ಲಾ ಬರೀತಾರಾ?"

ಆಂಜನಮ್ಮನ ಮೈಯೆಲ್ಲ ಉರಿದುಹೋಯಿತು. ಅರವತ್ತೆರಡರಲ್ಲಿ ಗಂಡನ ಮಾತು ಕಟ್ಟಿಕೊಂಡು, ಅಪ್ಪನ ಹೊಲದಲ್ಲಿ ಪಾಲು ಬೇಕೆಂದು ಅವಳು ಅಣ್ಣತಮ್ಮಂದಿರ ಮೇಲೆ ಕೋರ್ಟು ಹತ್ತಿದ್ದಳು. "ನನ್ ಬಾಯಲ್ಲಿ ಇನ್ ನಿನ್ ಹೆಸ್ರು ಬರಲ್ಲ, ಹೋಗು," ಎಂದಿದ್ದಳು ಬೈರಮ್ಮ. ಪಾಲೇನೋ ಸಿಕ್ಕಿತು, ಹೊಸ ತಿಪ್ಪಸಂದ್ರದ ಈ ಮನೆ ಎದ್ದು ನಿಂತಿದ್ದು ಅದರ ಮೇಲೆಯೇ. ಆದರೆ ಮುದುಕಿ ಮಗಳೊಂದಿಗೆ ಮಾತಿಲ್ಲದೆಯೇ ಕಣ್ಣು ಮುಚ್ಚಿದಳು, ಬಾಯಿಗೆ ನೀರು ಬಿಡಲು ಹೋದ ಮಗಳನ್ನು ಅಣ್ಣಂದಿರು ಬಾಗಿಲಲ್ಲೇ ತಡೆದರು. ಅವ್ವ ನಿಜಕ್ಕೂ ಬಾಯಿ ಕಟ್ಟಿಕೊಂಡಿದ್ದಳೋ, ಕಲ್ಲಿನ ಮುಂದೆ ಒಬ್ಬಳೇ ಕೂತಾಗಲಾದರೂ ಸೋತು ಮಗಳ ಹೆಸರು ಹೇಳಿದ್ದಳೋ ಎಂಬುದು ಅವಳನ್ನು ಅಂದಿನಿಂದ ತಿನ್ನುತ್ತಿತ್ತು.

"ಇನ್ನೊಂದ್ಸಲ ಹಾಕಪ್ಪ," ಎಂದು ನೆಲದ ಮೇಲೆ ಕೂತಳು. ಕಲ್ಲು ಗರಗರ ತಿರುಗಿತು. ಅವ್ವನ ಬಳೆಯ ಸದ್ದು ಕೇಳಿತು. ಪದ ಕೊನೆಗೆ ಬಂತು. 'ದೊಡ್ಡಮುನಿಯಪ್ಪ ಬಾಳ್ಲಿ. ನನ್ ರಾಮಯ್ಯ ಬಾಳ್ಲಿ.' ಆ ಕ್ಷಣಕ್ಕೇ ಟ್ರಂಪೆಟ್ ಭೋರಿಟ್ಟಿತು.

"ಇದೇ ನೋಡಿ ನಾ ಹೇಳಿದ್ದು!" ನಾಣಿ ತೊಡೆ ತಟ್ಟಿದ.

"ಅಪಚಾರ, ಶುದ್ಧ ಅಪಚಾರ," ಎಂದರು ಭಾವ.

"ಬಾಯ್ ಮುಚ್ರಿ ಇಬ್ರೂ!" ನಾಲ್ಕು ವರ್ಷದಿಂದ ಬಾಡಿಗೆಗಿದ್ದವರು ಅವಳ ಆ ದನಿಯನ್ನು ಕೇಳಿರಲಿಲ್ಲ. "ಆ ಪೀಪಿ ನಿಲ್ಸು. ನಮ್ಮವ್ವಂದಷ್ಟೇ ಹಾಕು."

"ಆಗಲ್ಲಮ್ಮಾ. ಎರಡೂ ಒಂದೇ ಗೆರೇಲಿ ಕೂತಿರೋದು. ಒಂದನ್ನ ಬಿಟ್ಟು ಒಂದು ಬರಲ್ಲ."

"ಊದ್ದೋನು ಮನುಷ್ಯ ತಾನೆ? ಉಸ್ರು ತಗೊಳ್ಳೋಕಾದ್ರೂ ನಿಲ್ಲಿಸ್ಬೇಕಲ್ಲ. ಮತ್ತೆ ಹಾಕು."

ನಾಣಿ ಮುಳ್ಳನ್ನು ಹಿಂದಕ್ಕಿಟ್ಟ. ಆಂಜನಮ್ಮ ಸ್ಪೀಕರಿನ ಜಾಲಿಗೆ ಕಿವಿ ಒತ್ತಿ ಕೂತಳು. ದೊಡ್ಡಮುನಿಯಪ್ಪ ಬಾಳಿದ, ರಾಮಯ್ಯ ಬಾಳಿದ, ಟ್ರಂಪೆಟ್ ಕಿವಿ ಹರಿಯಿತು. ಅವಳು ಕಿವಿ ತೆಗೆಯಲಿಲ್ಲ. ಕೊನೆಗೂ ಊದುವವನ ಉಸಿರು ತೀರಿತು. ಆ ಸಂದಿಯಲ್ಲಿ ಅವ್ವನ ದನಿ ಸ್ಪಷ್ಟವಾಗಿ ಕೇಳಿತು: 'ನನ್ ಚಿನ್ನಪ್ಪ ಬಾಳ್ಲಿ.' ಮತ್ತೆ ಟ್ರಂಪೆಟ್ ಹಿಡಿದುಕೊಂಡಿತು, ಪದ ಮುಗಿಯಿತು.

ರಾಮಯ್ಯನಿಗೂ ಚಿನ್ನಪ್ಪನಿಗೂ ನಡುವೆ ಅವನು ಊದಿದಷ್ಟು ಹೊತ್ತಿನಲ್ಲಿ ಒಂದು ಹೆಸರು ಹಿಡಿಸಬಹುದಿತ್ತು. ಹಾಡುವವಳು ಸುಮ್ಮನೆ ಎರಡು ಸುತ್ತು ಕಲ್ಲು ತಿರುಗಿಸಿದ್ದರೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

"ಇದ್ದೇ ಇರುತ್ತೆ ಬಿಡಿ ನಿಮ್ಮ ಹೆಸರು," ಎಂದರು ಯಜ್ಞನಾರಾಯಣರು ಮೆಲ್ಲಗೆ. "ಹೆತ್ತ ಕರುಳು."

"ನಿಮ್ಗೇನ್ ಗೊತ್ತು ಸ್ವಾಮಿ ನಮ್ಮವ್ವನ ಹಟ?" ಎಂದು ಅವರ ಮೇಲೆ ಹರಿಹಾಯ್ದು, ನಾಣಿಯ ಕಡೆ ತಿರುಗಿದಳು. "ಇದನ್ನ ಊದ್ದೋನು ಎಲ್ಲವ್ನೆ?"

"ಆಸ್ಟ್ರೇಲಿಯಾಕ್ಕೆ ಹೊರಟುಹೋದ್ರಂತೆ, ಎಷ್ಟೋ ವರ್ಷ ಆಯ್ತು. ಯಾಕಮ್ಮಾ?"

"ಅವ್ವ ನನ್ನ ಹರಸ್ತಿದ್ದಾಗ ಊದಿದ್ನೋ, ನನ್ನ ದಾಟ್ಕೊಂಡು ಹೋಗ್ತಿದ್ದಾಗ ಊದಿದ್ನೋ, ಆ ಬಡ್ಡೀಮಗನ ಕಿವಿ ಒಂದ್ಕೇ ಗೊತ್ತು."