ಹೆಗಲ ಮೇಲಿನ ಅರಿಶಿನ

"ಅನುಸೂಯಾ, ಶ್ರದ್ಧಾಂಜಲಿ ಬ್ಯಾನರಿಗಿ ನಿಮ್ಮಪ್ಪನ ಫೋಟೊ ಬೇಕಾಗ್ಯಾದ. ಆಧಾರ ಕಾರ್ಡಿನ ಫೋಟೊದಾಗ ಅಣ್ಣನ ಗುರ್ತೇ ಸಿಗಲ್ಲ. ನಿನ್ನ ಮೊಬೈಲದಾಗ ಛಲೋದೊಂದು ಇರ್ತದ, ಕಳಸವ್ವ." ಊರ ಹತ್ತಿರದ ಮುರುಮ್ ಪೇಟೆಯ ಬ್ಯಾನರ್ ಅಂಗಡಿಯಿಂದ ಸಿದ್ದರಾಮ ಕಾಕಾ ಫೋನ್ ಮಾಡಿದಾಗ ಆಕೆ ಉದಗೀರದ ಕಾಲೇಜಿನಿಂದ ಊರಿನ ಬಸ್ಸು ಹತ್ತಿದ್ದಳು. ಅಪ್ಪ ಬೆಳಿಗ್ಗೆ ತೀರಿಕೊಂಡಿದ್ದ.

ಇನ್‌ಸ್ಟಾದಲ್ಲಿ ಆಕೆ ಅನ್ವಿ, ಪುಣೆಯ ಹುಡುಗಿ. ಸಂತೆಯಲ್ಲಿ ಕುರಿ ಮಾರಿ ಕಾಲೇಜಿನ ಗೇಟಿಗೆ ಬಂದಾಗಲೆಲ್ಲ ಅಪ್ಪ ಹೆಗಲ ಕಂಬಳಿ ಸರಿಮಾಡಿಕೊಂಡು, ಮಗಳ ಮಗ್ಗುಲಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ. ಅವನು ಅತ್ತ ಹೋದದ್ದೇ ತಡ, ಆಕೆ ಇತ್ತ ಅವನನ್ನು ಕತ್ತರಿಸಿ ತನ್ನನ್ನಷ್ಟೇ ಉಳಿಸಿಕೊಳ್ಳುತ್ತಿದ್ದಳು. ಗೆಳತಿಯರ ಕಣ್ಣಿಗೆ ಬಿದ್ದೀತೆಂದು ಅಪ್ಪನಿದ್ದ ಮೂಲ ಫೋಟೊವನ್ನೂ ಅಳಿಸಿಬಿಡುತ್ತಿದ್ದಳು.

ಈಗ ಒಂದೊಂದನ್ನೇ ಸರಿಸಿ ನೋಡಿದಳು. ನಗುವ ಅನ್ವಿ, ಕೂದಲು ಹಾರಿಸುವ ಅನ್ವಿ, ಎಲ್ಲೆಲ್ಲೂ ಅನ್ವಿಯೇ. ಒಂದರಲ್ಲಿ ಮಾತ್ರ ಆಕೆಯ ಹೆಗಲ ಮೇಲೆ, ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಹತ್ತಿದ ಅಪ್ಪನ ಬೆರಳುಗಳು ಉಳಿದುಹೋಗಿದ್ದವು. ಬೇರೇನೂ ತೋಚದೆ ಅದನ್ನೇ ಕಳಿಸಿದಳು.

ಕಾಕಾ ಮತ್ತೆ ಫೋನ್ ಮಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಣ್ಣನ ಬರೇ ಕೈಯಷ್ಟೇ ಬಂದಾದವ್ವ. ನೆಟ್‌ವರ್ಕ್ ಸರಿ ಇಲ್ಲ ಕಾಣ್ತದ. ಇರಲಿ, ಅಣ್ಣನ ಮಾರಿ ಬರೋತನಕ ನಾ ಇಲ್ಲೇ ಅಂಗಡ್ಯಾಗ ಕೂಡ್ತೀನಿ."