ಸ್ಪೀಕರಿಗೆ ತಲೆದಿಂಬು

ಇದು ನಿಜವಾಗಿ ನಡೆದದ್ದು. ಕಿವಿಯಾರೆ ಕೇಳಿದೆ ಎನ್ನಲಾರೆ, ಕೇಳುವಂಥದ್ದು ಅಲ್ಲಿ ಏನೂ ಇರಲಿಲ್ಲ. ಕಣ್ಣಾರೆ ಕಂಡೆ.

ಹಾರ್ಲನ್ ತನ್ನ ದೊಡ್ಡ ಬೈಕಿನ ಫೇರಿಂಗಿನ, ಅಂದರೆ ಹ್ಯಾಂಡಲಿನ ಮುಂದೆ ಗಾಳಿ ತಡೆಯುವ ಆ ಎಮ್ಮೆಮೋರೆಯ ಕವಚದ, ಒಂದೊಂದು ಸ್ಕ್ರೂಗೂ ಹೆಂಡತಿಯ ಕೆಂಪು ನೇಲ್‌ಪಾಲಿಶ್‌ನಿಂದ ಬೊಟ್ಟಿಟ್ಟಿದ್ದ. ಯಾರಾದರೂ ಕದ್ದು ಬಿಚ್ಚಿದರೆ ಬಣ್ಣ ಬಿರುಕು ಬಿಟ್ಟು ಗೊತ್ತಾಗಲಿ ಎಂದು. ಅಯೋವಾದ ನಮ್ಮೂರಿನಲ್ಲಿ ಮೇ ತಿಂಗಳ ಒಂದು ಭಾನುವಾರ ಬೈಕುಗಳಿಗೆ ಪಾದ್ರಿಯ ಆಶೀರ್ವಾದ. ಆಮೇಲೆ ಎಲ್ಲರದೂ ಸಾಲುಸವಾರಿ. ಅವತ್ತು ಬೆಳಿಗ್ಗೆ ಫೈರ್ ಸ್ಟೇಷನ್ನಿನ ಅಂಗಳದಲ್ಲಿ ಎಲ್ಲರೂ ಪ್ಯಾನ್‌ಕೇಕ್ ತಿನ್ನುತ್ತಿದ್ದರೆ, ಹಾರ್ಲನ್ ಮಂಡಿಯೂರಿ ಬೊಟ್ಟುಗಳನ್ನು ಪರೀಕ್ಷಿಸುತ್ತಿದ್ದ. ಒಂದೂ ಬಿರುಕು ಬಿಟ್ಟಿರಲಿಲ್ಲ. ಅದರಿಂದ ಅವನ ಅನುಮಾನ ಇನ್ನೂ ಗಟ್ಟಿಯಾಯಿತು.

"ಬಿಚ್ಚಿ, ಮತ್ತೆ ಬಣ್ಣ ಹಚ್ಚಿದಾರೆ," ಎಂದು ಪಕ್ಕದಲ್ಲಿ ಕೂತಿದ್ದ ಜೊತೆಸವಾರ ವೆಂಡೆಲ್‌ನನ್ನು ದಿಟ್ಟಿಸಿದ.

"ನನ್ ಹತ್ರ ಕೆಂಪಿಲ್ಲ ಕಣೋ," ವೆಂಡೆಲ್ ತನ್ನ ಗ್ರೀಸು ಮೆತ್ತಿದ ಉಗುರುಗಳನ್ನು ಚಾಚಿ ತೋರಿಸಿದ. "ನಂಗೆ ಗುಲಾಬಿನೇ ಒಪ್ಪೋದು."

ಸವಾರಿ ಹೊರಟರೆ ಸಾಲಿನ ತಲೆಗೆ ಹಾರ್ಲನ್, ಬಾಲಕ್ಕೆ ವೆಂಡೆಲ್. ಹಿಂದೆ ಯಾರ ಬೈಕಾದರೂ ಕೆಟ್ಟು ನಿಂತರೆ ವೆಂಡೆಲ್ ವೈರ್‌ಲೆಸ್ಸಿನಲ್ಲಿ ಹೇಳಬೇಕು, ಅದು ಹಾರ್ಲನ್‌ನ ಫೇರಿಂಗಿನ ಸ್ಪೀಕರಿನಲ್ಲಿ ಕೇಳಬೇಕು. ಹೋದ ವರ್ಷ ವೆಂಡೆಲ್ ಗಂಟಲು ಹರಿದುಕೊಂಡರೂ ಮುಂದಿನವನು ನಿಲ್ಲಲಿಲ್ಲ. ಅರ್ಧ ದಂಡು ಜೋಳದ ಹೊಲದ ಪಕ್ಕದಲ್ಲೇ ಉಳಿಯಿತು. ಸ್ಪೀಕರ್ ಸರಿಯಿಲ್ಲ ಎಂದ ಹಾರ್ಲನ್. ಇನ್ನೊಮ್ಮೆ ಹೀಗಾದರೆ ಮುಂದಾಳಿನ ಕಿತ್ತಳೆ ತೋಳುಪಟ್ಟಿ ವೆಂಡೆಲ್‌ಗೆ ಎಂದಿತು ನಮ್ಮ ಬೈಕ್ ಸಂಘ. ಅಂದಿನಿಂದ ವೆಂಡೆಲ್ ಜೇಬಿಗೆ ಕೈ ಹಾಕಿದರೂ ಹಾರ್ಲನ್‌ಗೆ ಅಲ್ಲೊಂದು ಇಕ್ಕಳ ಕಾಣುತ್ತಿತ್ತು. ಹೊಸ ಸ್ಪೀಕರ್ ಹಾಕಿಸಿದ. ಅಂಗಡಿಯವನು ಹಳೆಯದನ್ನೇ ಒರೆಸಿ ಕೊಟ್ಟಿದ್ದಾನೆ ಎಂದ. ಮನೆಯಲ್ಲಿ ಟಿವಿಯ ದನಿಯನ್ನು ಹೆಂಡತಿಯೇ ತಗ್ಗಿಸುತ್ತಾಳೆ ಎಂದೂ ಅನುಮಾನಿಸಿದ.

"ನಾನು ಅಡುಗೆಮನೆಯಿಂದ ಕೂಗಿದ್ರೂ ಓಗೊಡಲ್ಲ," ಅವನ ಹೆಂಡತಿ ಲೂಆನ್ ಪ್ಯಾನ್‌ಕೇಕ್ ಮಗುಚುತ್ತ ನಮಗೆ ಹೇಳಿದಳು. "ಅಲ್ಲೂ ಸ್ಪೀಕರ್ ಕೆಟ್ಟಿರ್ಬೇಕು."

ವೆಂಡೆಲ್ ಎದ್ದು ನಿಂತ. "ಬಾರೋ, ಎಲ್ಲರ ಎದುರಿಗೇ ರಿಪೇರಿ ಮಾಡ್ತೀನಿ. ಒಳಗೆಲ್ಲ ಟೊಳ್ಳು, ದನಿ ಹಿಂದಕ್ಕೇ ಸೋರಿ ಹೋಗ್ತಿದೆ. ಸ್ಪೀಕರ್ ಸುತ್ತ ಸ್ಪಂಜಿನ ಪಟ್ಟಿ ಅಂಟಿಸಿ, ಹಿಂದುಗಡೆ ಹತ್ತಿ ತುಂಬಿದ್ರೆ ಮುಂದಕ್ಕೆ ಬರದೆ ಎಲ್ಲಿಗೆ ಹೋಗುತ್ತೆ?"

ಇದೇ ಉಪಾಯ ಹಾರ್ಲನ್‌ಗೂ ಹೊಳೆದಿತ್ತೆಂದು ಕಾಣುತ್ತದೆ. ಬೈಕಿನ ಪೆಟ್ಟಿಗೆಯಿಂದ ಒಂದು ದಿಂಬು ಹೊರಗೆಳೆದ.

"ಅದು ನಂದು," ಎಂದಳು ಲೂಆನ್. "ನಾಯಿ ಎಳ್ಕೊಂಡು ಹೋಯ್ತು ಅಂದಿದ್ಯಲ್ಲ."

ವೆಂಡೆಲ್ ಸ್ಕ್ರೂ ಬಿಚ್ಚಿದ. ಬಿಚ್ಚಿದ್ದೊಂದೊಂದನ್ನೂ ಪಾದ್ರಿಯ ಮೂಗುದನಿಯಲ್ಲೇ ಹರಸಿ ಬಟ್ಟಲಿಗೆ ಹಾಕಿದ. ಪಕ್ಕದಲ್ಲೇ ಇದ್ದ ಪಾದ್ರಿ ಕಾಫಿ ಉಗುಳುವಷ್ಟು ನಕ್ಕರು. ಹಾರ್ಲನ್ ಮಾತ್ರ ನಗದೆ, ರೆಪ್ಪೆ ಮಿಟುಕಿಸದೆ ಆ ಬೆರಳುಗಳನ್ನೇ ಕಾಯುತ್ತಿದ್ದ. ಸ್ಪಂಜು ಅಂಟಿತು. ದಿಂಬಿನ ಹತ್ತಿ ಒಳಹೊಕ್ಕಿತು. ಕೊನೆಗೆ ವೆಂಡೆಲ್ ಸ್ಪೀಕರಿನ ವೈರು ಸಿಕ್ಕಿಸಿದ. ಸಿಕ್ಕಿಸಿದ ಹಾಗೆ ಮಾಡಿದ. ನಮ್ಮ ಕಡೆ ತಿರುಗಿ ಒಂದು ಕಣ್ಣು ಮುಚ್ಚಿದ.

ಅವನ ಹಂಚಿಕೆ ಇಷ್ಟೇ: ಏನೂ ಬರ್ತಿಲ್ಲ ಎಂದು ಹಾರ್ಲನ್ ಹಾರಾಡಬೇಕು, ಆಗ ಬಿಚ್ಚಿದ ವೈರು ತೋರಿಸಿ, ಇಷ್ಟು ದಿನ ಬೈದೆಯಲ್ಲ, ಇವತ್ತು ನಿಜವಾಗಿಯೂ ನಾನೇ ಮಾಡಿದೆ ಎನ್ನಬೇಕು.

ಫೇರಿಂಗ್ ಮುಚ್ಚಿತು. ಬೈಕಿನ ಪುಟ್ಟ ಪರದೆಯ ಮೇಲೆ ಹಾಡಿನ ಹೆಸರು ಹೊಳೆಯಿತು, ದನಿಯ ಗೆರೆ ತುದಿ ಮುಟ್ಟಿತು. ಸುತ್ತ ಹತ್ತಾರು ಬೈಕುಗಳು ಗುರುಗುಡುತ್ತಿದ್ದವು. ವೆಂಡೆಲ್ ಇಲ್ಲದ ತಾಳಕ್ಕೆ ಹೆಗಲು ಕುಣಿಸಿದ. ನಾವೂ ಕಾಲು ತಟ್ಟಿದೆವು. ಪಾದ್ರಿಯಂತೂ ಕಣ್ಣು ಮುಚ್ಚಿ ತಲೆದೂಗಿದರು.

ಹಾರ್ಲನ್ ಪರದೆ ನೋಡಿದ. ನಮ್ಮ ಕಾಲುಗಳನ್ನು ನೋಡಿದ. ಬಗ್ಗಿ ಸ್ಪೀಕರಿಗೆ ಕಿವಿಯೊಡ್ಡಿದ. ಆಮೇಲೆ ನಿಧಾನವಾಗಿ ಅವನ ಕಾಲೂ ತಟ್ಟತೊಡಗಿತು, ನಮ್ಮದಕ್ಕಿಂತ ಅರ್ಧ ತಾಳ ಹಿಂದೆ.

"ಈಗ ಬಂತು ನೋಡು," ಎಂದ. "ಡ್ರಮ್ಮು ಸೀದಾ ಎದೆಗೇ ಬಡೀತಿದೆ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ಯೋ, ಕಳ್ಳ?"

ವೆಂಡೆಲ್‌ನ ಹೆಗಲು ಅಲ್ಲೇ ನಿಂತಿತು. ಆದರೆ ಫೇರಿಂಗಿನ ಕೆಳಗೆ ಆ ವೈರು ಇಲಿಬಾಲದ ಹಾಗೆ ನೇತಾಡುತ್ತಿತ್ತು, ಹಿಂದಿನಿಂದ ಯಾರೋ ಅದನ್ನು ಕಂಡು ಕಿಸಕ್ಕೆಂದರು. ಅಂಗಳವೆಲ್ಲ ನಕ್ಕಿತು. ಹಾರ್ಲನ್ ಎಲ್ಲರೂ ನೋಡುತ್ತಿದ್ದ ಕಡೆ ನೋಡಿದ. ವೈರಿನ ತುದಿ ಹಿಡಿದೆತ್ತಿ, ವೆಂಡೆಲ್‌ನ ಮುಖ ನೋಡಿ, ತೊಡೆ ತಟ್ಟಿಕೊಂಡು ತಾನೂ ನಕ್ಕ. ನಮ್ಮೆಲ್ಲರಿಗಿಂತ ಜೋರಾಗಿ ನಕ್ಕ. ನಗುತ್ತಲೇ ಕಿತ್ತಳೆ ಪಟ್ಟಿ ಬಿಚ್ಚಿ ವೆಂಡೆಲ್‌ನ ತೋಳಿಗೆ ಕಟ್ಟಿದ. ವೆಂಡೆಲ್ ಬೇಡವೆಂದು ಏನೋ ಹೇಳಿದ. ಹಾರ್ಲನ್ ನಗುತ್ತಲೇ ಇದ್ದ.

ಅಷ್ಟರಲ್ಲಿ ಪಾದ್ರಿ ಮೆಲ್ಲಗೆ ಪ್ರಾರ್ಥನೆ ಶುರುಮಾಡಿದರು. ಬೈಕುಗಳು ಒಂದೊಂದಾಗಿ ಆರಿದವು, ಟೊಪ್ಪಿಗಳು ಕೆಳಗಿಳಿದವು, ತಲೆಗಳು ಬಾಗಿದವು. ನಿಶ್ಶಬ್ದವಾದ ಅಂಗಳದಲ್ಲಿ ಹಾರ್ಲನ್‌ನ ನಗು ಒಂದೇ ಕೇಳಿಸುತ್ತಿತ್ತು, ಲೂಆನ್ ಹಿಂದಿನಿಂದ ಬಂದು ಅವನ ತಲೆಯ ಮೇಲಿನ ಟೊಪ್ಪಿ ತೆಗೆಯುವವರೆಗೆ.