ಎಂಟರ್ ಒತ್ತುವ ಮುನ್ನ

ಎಂಟರ್ ಒತ್ತಲು ಹೊರಟ ಅಪ್ಪ ವೀರಬಸಪ್ಪನವರ ಮಣಿಕಟ್ಟನ್ನು ಸ್ನೇಹಾ ಹಿಡಿದುಕೊಂಡಳು. ತಮ್ಮ ಟೈಪಿಂಗ್ ಅಂಗಡಿಯಲ್ಲಿ ಮದುವೆ ಪತ್ರಿಕೆ ಟೈಪ್ ಮಾಡುತ್ತಿದ್ದ ಅವರ ಮಂಜುಗಣ್ಣಿಗೆ, ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲೇ ಎಂದು ಪರದೆಯಲ್ಲಿ ಮೂಡಿದ ಪ್ರಶ್ನೆ ಕಂಡಿರಲಿಲ್ಲ. ಒತ್ತಿದ್ದರೆ ಒಪ್ಪಿದಂತಾಗುತ್ತಿತ್ತು.

ಹಾಕದಿದ್ದರೆ ಮತ್ತಿಕೆರೆಯ ಕಾಲೇಜು ಹುಡುಗರು ಪ್ರಿಂಟಿಗೆ ತರುವ ಫೈಲುಗಳು ತೆರೆಯುವುದಿಲ್ಲ. ಅಂಗಡಿ ನಡೆಯುವುದೇ ಅವರಿಂದ. ಹಾಕಿದರೆ ಅಪ್ಪನ ಹಳೆಯ ಕನ್ನಡ ತಂತ್ರಾಂಶ ಓಡುವುದಿಲ್ಲ. ನೋಡದೆ ಟೈಪ್ ಮಾಡುವಷ್ಟು ಅವರ ಬೆರಳಿಗೆ ಗೊತ್ತಿರುವುದು ಅದೊಂದೇ.

“ಹೊಸಾದು ಹಾಕಂತ ಮತ್ತ ಕೇಳಾಕತ್ತೇತೇನು?” ಎಂದರು ಅಪ್ಪ.

“ಹೂಂ ಅಪ್ಪಾ.”

“ಹಾಕವಾ. ಹಂಗ ನನಗೂ ಹತ್ತು ಹೊಸಾ ಬೆರಳು ಹಾಕ್ಸು.” ಅವರು ನಕ್ಕರು. ಆದರೆ ಅವಳ ಹಿಡಿತದಲ್ಲೇ ಅವರ ಕೈ ಎಂಟರ್‌ನಿಂದ ಹಿಂದೆ ಸರಿಯಿತು.

ಸರಿಯೋ ತಪ್ಪೋ ತಿಳಿಯದೆ ಸ್ನೇಹಾ ಪರದೆಯ ಮೇಲಿನ ‘ಆಮೇಲೆ’ ಎಂಬುದನ್ನು ಒತ್ತಿದಳು. “ಕಡೀ ಸಾಲು ಮೂಡಿಲ್ಲಪ್ಪಾ. ಇನ್ನೊಮ್ಮೆ ಹೊಡೀರಿ.”